ಕೆಳಗೆ ಬಾರದ ಕಲ್ಲು

ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ನಮ್ಮ ಬಸ್ಸಿನ ಕಂಡಕ್ಟರು ಕಳೆದ ಶನಿವಾರ ಕೆಲಸ ಬಿಟ್ಟರು. ಕಾರಣ ಮೊಣಕಾಲು ನೋವು. ಮೂವತ್ತು ವರ್ಷ ನಿಂತೇ ಪ್ರಯಾಣ ಮಾಡಿದ ಮನುಷ್ಯನಿಗೆ ಮೊಣಕಾಲಲ್ಲದೆ ಇನ್ನೇನು ನೋಯಬೇಕು? ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಪುತ್ತಿಗೆಯ ಅವರ ಮನೆಯಿಂದ ಫೋನು ಬರುವುದು ಖಂಡಿತ: "ಎಂತ ಮಾರಾಯ್ತಿ, ಊರಿಡೀ ನನ್ನ ಮಾನ ತೆಗೆದೆಯಲ್ಲ!" ಬಸ್ಸಿನವರಿಗೆಲ್ಲ ಅವರು ಕಂಡಕ್ಟರಣ್ಣ. ನನಗೆ ಮಾತ್ರ ಕಂಡಕ್ಟರಣ್ಣನೂ ಹೌದು, ಫಿಸಿಕ್ಸ್ ಮಾಸ್ಟ್ರೂ ಹೌದು.

ಈ ಮಾಸ್ಟ್ರು ಫಿಸಿಕ್ಸ್‌ನಲ್ಲೇ ಫೇಲಾದವರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಗುಟ್ಟು ಬಿಟ್ಟುಕೊಡುತ್ತಿಲ್ಲ, ಅದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಯಾರಾದರೂ "ಎಷ್ಟು ಓದಿದ್ದೀರಿ?" ಎಂದು ಕೇಳಿದರೆ "ಪಿಯುಸಿ ಫೇಲ್" ಎನ್ನುವರು. ಬೇರೆಯವರು ಬಿ.ಕಾಂ. ಎನ್ನುವ ಗತ್ತಿನಲ್ಲೇ ಎನ್ನುವರು. ಪಾಸಾಗಲು ಮೂವತ್ತೈದು ಬೇಕಿತ್ತು, ಅವರಿಗೆ ಬಂದದ್ದು ಮೂವತ್ತೆರಡು. ಆ ಮೂರು ಮಾರ್ಕು ಹೋದದ್ದು ಒಂದೇ ಪ್ರಶ್ನೆಯಲ್ಲಿ. ಒಂದು ಕಲ್ಲನ್ನು ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ನೇರ ಮೇಲೆ ಎಸೆದರೆ ಎಷ್ಟು ಹೊತ್ತಿಗೆ ಕೈಗೆ ವಾಪಸು ಬರುತ್ತದೆ? ಭೂಮಿ ಕೆಳಗೆ ಎಳೆಯುತ್ತದೆ, ಹಾಗಾಗಿ ಅಲ್ಲಿ ಒಂದು ಮೈನಸ್ ಹಾಕಬೇಕು. ಇವರು ಮರೆತರು. ಲೆಕ್ಕ ಮಾಡಿದರೆ ಕಲ್ಲು ಮೇಲೆ ಹೋಗುತ್ತಲೇ ಇದೆ. ಬೆಲ್ಲು ಹೊಡೆಯುವವರೆಗೂ ಕಾದು, ಕೊನೆಗೆ ಉತ್ತರದ ಜಾಗದಲ್ಲಿ "ಕಲ್ಲು ಕೆಳಗೆ ಬರುವುದಿಲ್ಲ" ಎಂದು ಬರೆದು ಎದ್ದು ಬಂದರಂತೆ.

"ಸೊನ್ನೆ ಕೊಟ್ಟರು. ಪ್ರಾಮಾಣಿಕವಾಗಿ ಬರೆದದ್ದಕ್ಕೆ ಅರ್ಧ ಮಾರ್ಕಾದರೂ ಕೊಡಬಹುದಿತ್ತು" ಎಂದು ಅವರು ಇವತ್ತಿಗೂ ಸಿಟ್ಟಾಗುತ್ತಾರೆ.

ನನಗೆ ಅವರ ಪರಿಚಯವಾದದ್ದು ಎಂಟು ವರ್ಷದ ಹಿಂದೆ, ಹಲಸಿನ ಹಣ್ಣಿನ ಕಾಲದಲ್ಲಿ. ಫಸ್ಟ್ ಪಿಯುಸಿಯಲ್ಲಿ ನನಗೆ ಫಿಸಿಕ್ಸ್‌ಗೆ ಹತ್ತೊಂಬತ್ತು ಮಾರ್ಕು ಬಂದಿತ್ತು. ಮೂವತ್ತೆರಡರ ಮುಂದೆ ಹತ್ತೊಂಬತ್ತಕ್ಕೆ ಏನು ಮರ್ಯಾದೆ ಹೇಳಿ! ಆಗ ನನ್ನ ಮಾಮ, ಅಂದರೆ ನಾವು ಉಮ್ಮ ಎನ್ನುವ ಅಮ್ಮನ ತಮ್ಮ, ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದರು. ಮಾಮ ಬಂದರೆ ನಮ್ಮ ಮನೆಯಲ್ಲಿ ಹೈಕೋರ್ಟ್ ಬಂದ ಹಾಗೆ. ಮಾರ್ಕ್ಸ್ ಕಾರ್ಡ್ ನೋಡಿ ತೀರ್ಪು ಕೊಟ್ಟರು: "ಸಪ್ಲಿಮೆಂಟರಿ ಬರಿ. ಅದರಲ್ಲೂ ಹೋದರೆ ಸಯನ್ಸ್ ಸಾಕು. ಕನ್ಯಾನಕ್ಕೆ ಹೋಗಿ ಮಾಮಿಯ ಹತ್ತಿರ ಟೈಲರಿಂಗ್ ಕಲಿ."

ಟೈಲರಿಂಗ್ ಕೀಳು ಕೆಲಸ ಎಂದು ನಾನು ಹೇಳುವುದಿಲ್ಲ. ಆದರೆ ನಾನು ಹಾಕಿದ ಗುಂಡಿ ಅಂಗಿಯ ಎದುರಿಗೆ ಇರಬೇಕಾದಲ್ಲಿ ಇದ್ದದ್ದೇ ಇಲ್ಲ. ನನಗೆ ಲ್ಯಾಬ್ ಟೆಕ್ನಿಶಿಯನ್ ಆಗಬೇಕಿತ್ತು. ಉಮ್ಮನಿಗೆ ಕಾಮಾಲೆ ಬಂದಾಗ ಬಿ.ಸಿ.ರೋಡಿನ ಒಂದು ಲ್ಯಾಬಿನಲ್ಲಿ ಒಬ್ಬಳು ಹುಡುಗಿ ರಕ್ತ ತೆಗೆದ ರೀತಿ ನೋಡಿ ನಾನು ಅಲ್ಲೇ ಮರುಳಾಗಿದ್ದೆ. ಉಮ್ಮನಿಗೆ ಗೊತ್ತೇ ಆಗಲಿಲ್ಲ, ಮಾತಾಡುತ್ತ ಮಾತಾಡುತ್ತ ಸಿರಿಂಜು ತುಂಬಿತ್ತು. ಆ ಕೆಲಸಕ್ಕೆ ಸಯನ್ಸ್ ಬೇಕು, ಸಯನ್ಸ್‌ನಲ್ಲಿ ಉಳಿಯಲು ಫಿಸಿಕ್ಸ್ ಪಾಸಾಗಬೇಕು. ನನ್ನ ಇಡೀ ಜೀವನ ಆ ದರಿದ್ರ ಪೇಪರಿನ ಮೇಲೆ ನಿಂತಿತ್ತು.

ಮಾಮ ತೀರ್ಪಿನ ಜೊತೆ ಒಂದು ಆಯುಧವನ್ನೂ ಕೊಟ್ಟರು. ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್. ಟಿ.ವಿ. ರಿಮೋಟಿಗಿಂತ ದಪ್ಪ, ತುಂಬ ಗುಂಡಿ, ಮೇಲೊಂದು ಪರದೆ. ಸಮೀಕರಣ ಒತ್ತಿದರೆ ಪರದೆಯ ಮೇಲೆ ಗೆರೆ ತಾನೇ ಮೂಡುತ್ತಿತ್ತು. "ಅಲ್ಲಿನ ದೊಡ್ಡ ದೊಡ್ಡ ಶಾಲೆಯ ಮಕ್ಕಳೆಲ್ಲ ಇದರಲ್ಲೇ ಕಲಿಯುವುದು" ಎಂದರು ಮಾಮ. ಇದನ್ನು ಪರೀಕ್ಷೆಗೆ ಒಯ್ಯುವ ಹಾಗಿಲ್ಲ ಎಂದು ಮೂಡುಬಿದಿರೆಯ ಟ್ಯೂಷನ್ ಸರ್ ಮೊದಲ ದಿನವೇ ಹೇಳಿದ್ದರು. ಅದನ್ನು ಮಾಮನಿಗೆ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕ್ಯಾಲ್ಕುಲೇಟರ್ ಮನೆಗೆ ಬಂದ ಮೂರನೇ ದಿನ ಅವಘಡ ಆಯಿತು. ಹಲಸಿನ ತೊಳೆ ತಿನ್ನುತ್ತ ನಾನು ಲೆಕ್ಕ ಮಾಡುತ್ತಿದ್ದೆ. ಬೆರಳಿನ ಮೇಣ ಮೈನಸ್ ಗುಂಡಿಗೆ ಅಂಟಿಕೊಂಡಿತು. ನಮ್ಮ ಊರಿನಲ್ಲಿ ಹಲಸಿನ ಮೇಣ ಎಲ್ಲಿ ಅಂಟಿದರೂ ಮದ್ದು ಒಂದೇ, ತೆಂಗಿನೆಣ್ಣೆ. ಕೈಗೆ ಅಂಟಿದರೂ, ಕತ್ತಿಗೆ ಅಂಟಿದರೂ, ಕೂದಲಿಗೆ ಅಂಟಿದರೂ ಅದೇ. ಉಮ್ಮ ಎರಡು ಸಲ ಯೋಚಿಸಲಿಲ್ಲ. ಬಟ್ಟಲಿಂದ ನಾಲ್ಕು ಬೆರಳು ಎಣ್ಣೆ ತೆಗೆದು ಕ್ಯಾಲ್ಕುಲೇಟರಿನ ಮುಖಕ್ಕೆ ಮಗುವಿಗೆ ಹಚ್ಚಿದ ಹಾಗೆ ಹಚ್ಚಿ ತಿಕ್ಕಿದರು. ಮೇಣ ಹೋಯಿತು. ಹೊರಗಿನಿಂದ ನೋಡಿದರೆ ಹೊಸದರ ಹಾಗೆ ಹೊಳೆಯುತ್ತಿತ್ತು. "ನೋಡು, ಸರಿಯಾಯ್ತಲ್ಲ!" ಎಂದು ಉಮ್ಮ ಬಟ್ಟಲು ಒಳಗೆ ಇಟ್ಟರು.

ಮರುದಿನ ಟ್ಯೂಷನ್ನಿಗೆ ಹೋಗುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ಹೋಮ್‌ವರ್ಕ್ ಮಾಡುತ್ತಿದ್ದೆ. ಕಂಡಕ್ಟರಣ್ಣ ಟಿಕೆಟ್ ಕೊಡಲು ಬಂದವರು ಅಲ್ಲೇ ನಿಂತುಬಿಟ್ಟರು. ತಮ್ಮ ಕೈಯಲ್ಲಿದ್ದ ಟಿಕೆಟ್ ಮಿಷನನ್ನು ನೋಡಿದರು, ನನ್ನದನ್ನು ನೋಡಿದರು.

"ಇದು ಯಾವ ಬಸ್ಸಿನ ಮಿಷನ್? ನಮ್ಮದಕ್ಕಿಂತ ದೊಡ್ಡದುಂಟು. ನಿನಗೆ ಹೇಗೆ ಸಿಕ್ಕಿತು?"

ಇದು ಟಿಕೆಟ್ ಮಿಷನ್ ಅಲ್ಲ, ಫಿಸಿಕ್ಸ್ ಮಿಷನ್ ಎಂದೆ. ಫಿಸಿಕ್ಸ್ ಎಂದದ್ದೇ ತಡ, ಅವರು ಬಗ್ಗಿ ಪರದೆ ನೋಡಿದರು. ಮೇಲೆ ಎಸೆದ ಚೆಂಡಿನ ಲೆಕ್ಕ. ಗೆರೆ ಸೀದಾ ಆಕಾಶಕ್ಕೆ ಹೋಗಿತ್ತು. ಅವರ ಮುಖ ಒಂಥರಾ ಆಯಿತು.

"ಇದು ಕೆಳಗೆ ಬರುವುದಿಲ್ಲವಾ?"

"ಇಲ್ಲ ಅಣ್ಣ. ಯಾಕೆ ಅಂತ ನನಗೂ ಗೊತ್ತಾಗ್ತಾ ಇಲ್ಲ."

"ಮೈನಸ್ ಎಲ್ಲಿ? ಮೈನಸ್ ಹಾಕಿದ್ದೀಯಾ?"

ಹಾಕಿದ್ದೇನೆ ಎಂದು ಅವರ ಎದುರೇ ಗುಂಡಿ ಒತ್ತಿದೆ. ಪರದೆಯಲ್ಲಿ ಏನೂ ಬೀಳಲಿಲ್ಲ. ಮತ್ತೆ ಒತ್ತಿದೆ. ಗುಂಡಿಯ ಸಂದಿಯಿಂದ ಒಂದು ಹನಿ ತೆಂಗಿನೆಣ್ಣೆ ಬಂತು, ಅಷ್ಟೆ. ಕಂಡಕ್ಟರಣ್ಣ ಕ್ಯಾಲ್ಕುಲೇಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಅಯ್ಯೋ ಪಾಪ, ಇದೂ ನನ್ನ ಹಾಗೆಯೇ" ಎಂದರು. ಮೂವತ್ತೆರಡು ಮಾರ್ಕಿನ ಕಥೆ ನನಗೆ ಸಿಕ್ಕಿದ್ದು ಆಗಲೇ.

ಆವತ್ತಿನಿಂದ ಕ್ಯಾಲ್ಕುಲೇಟರನ್ನು ಸರಿ ಮಾಡುವುದು ಅವರ ಜವಾಬ್ದಾರಿಯಾಯಿತು. ನಾನು ಕೇಳಲೇ ಇಲ್ಲ. ಊದಿದರು, ಕುಟ್ಟಿದರು, ಟಿಕೆಟ್ ಮಿಷನಿನ ಹಿಂಬದಿ ಬಿಚ್ಚುವ ಸ್ಕ್ರೂಡ್ರೈವರಿನಿಂದ ಕೆಣಕಿದರು. ಒಂದು ದಿನ ಎಣ್ಣೆ ಆರಲಿ ಎಂದು ಡ್ರೈವರಿನ ಎದುರಿನ ಗಾಜಿನ ಬುಡದಲ್ಲಿ ಬಿಸಿಲಿಗೆ ಇಟ್ಟರು. "ಇದನ್ನು ತೆಗೀರಿ, ಎಣ್ಣೆಯ ವಾಸನೆಗೆ ನನಗೆ ತಲೆಸ್ನಾನಕ್ಕೆ ಕೂತ ಹಾಗೆ ಆಗ್ತದೆ!" ಎಂದು ಡ್ರೈವರು ಬೊಬ್ಬೆ ಹೊಡೆದರು. ಸಂಜೆಯ ಹೊತ್ತಿಗೆ ಮೈನಸ್ ಹಾಗೆಯೇ ಇತ್ತು, ಏಳರ ಗುಂಡಿಯೂ ಹೋಗಿತ್ತು.

"ಇನ್ನು ಮುಟ್ಟುವುದು ಬೇಡ. ಇದು ಎಡವಟ್ಟು ಮಾಡ್ತದೆ ಅಂತ ನಮಗೆ ಗೊತ್ತಾಯ್ತಲ್ಲ, ಸಾಕು. ನೀನು ಕೈಯಲ್ಲಿ ಲೆಕ್ಕ ಮಾಡು, ಆಮೇಲೆ ಇದರ ತಪ್ಪು ಹಿಡಿಯುವ" ಎಂದರು.

ಹೀಗೆ ನನ್ನ ಟ್ಯೂಷನ್ ಶುರುವಾಯಿತು. ಮೂಡುಬಿದಿರೆಯ ಟ್ಯೂಷನ್ ಬೇರೆ, ಅಲ್ಲಿಗೆ ಹೋಗುವ ದಾರಿಯ ಟ್ಯೂಷನ್ ಬೇರೆ. ದಾರಿಯದ್ದೇ ತಲೆಗೆ ಹೋದದ್ದು. ಕಂಡಕ್ಟರಣ್ಣನ ಹತ್ತಿರ ಕಾಗದ ಇರುತ್ತಿರಲಿಲ್ಲ. ಟಿಕೆಟ್ ಮಿಷನಿನ ಗುಂಡಿ ಒತ್ತಿ ಖಾಲಿ ರೋಲನ್ನು ಗಜಗಟ್ಟಲೆ ಹೊರಗೆ ಬಿಟ್ಟು, ಹರಿದು, ಸೀಟಿನ ಬೆನ್ನಿಗೆ ಒತ್ತಿ ಹಿಡಿದು ಬರೆಯುತ್ತಿದ್ದರು. ನನ್ನ ಫಿಸಿಕ್ಸ್ ನೋಟ್ಸ್ ಎರಡು ಬೆರಳು ಅಗಲ, ಆರು ಮೊಳ ಉದ್ದ ಇರುತ್ತಿತ್ತು. ಮನೆಯಲ್ಲಿ ಅದನ್ನು ಬಿಡಿಸಿ ಓದುವಾಗ ಉಮ್ಮ ಆ ತುದಿ ಹಿಡಿದುಕೊಳ್ಳಬೇಕಿತ್ತು.

ಅವರ ಪಾಠಕ್ಕೆ ಎರಡೇ ಪ್ರಶ್ನೆ. ಬಸ್ಸಿನಲ್ಲಿ ದಿನವಿಡೀ ಕೇಳುವ ಪ್ರಶ್ನೆಗಳೇ: "ಹತ್ತಿದ್ದು ಎಲ್ಲಿ? ಇಳಿಯುವುದು ಎಲ್ಲಿ?" ಯಾವ ಲೆಕ್ಕ ತೋರಿಸಿದರೂ ಮೊದಲು ಇದನ್ನು ಕೇಳುವರು. ಕೊಟ್ಟದ್ದು ಏನು, ಬೇಕಾದ್ದು ಏನು ಎಂದು ಟ್ಯೂಷನ್ ಸರ್ ದಿನವೂ ಹೇಳುತ್ತಿದ್ದದ್ದೂ ಇದನ್ನೇ. ಆದರೆ ಕಂಡಕ್ಟರು ಮೈಮೇಲೆ ಬಾಗಿ ಕೇಳಿದರೆ ಯಾರಾದರೂ ಉತ್ತರ ಹೇಳಲೇಬೇಕಲ್ಲ!

ನ್ಯೂಟನ್ನನ ಮೊದಲ ನಿಯಮಕ್ಕೆ ಅವರು ಡ್ರೈವರಿನಿಂದ ಬ್ರೇಕ್ ಹಾಕಿಸಿದರು. ಮೂರು ಜನ ಮುಂದೆ ಬಿದ್ದರು. "ನೋಡು, ಬಸ್ಸು ನಿಂತರೂ ಇವರು ನಿಲ್ಲಲಿಲ್ಲ" ಎಂದು ಬಿದ್ದವರನ್ನೇ ತೋರಿಸಿ ವಿವರಿಸಿದರು. ಬಂಟ್ವಾಳದಲ್ಲಿ ಹತ್ತಿ ಸಿದ್ಧಕಟ್ಟೆಯಲ್ಲಿ ಇಳಿಯುವ ಮೀನಿನಕ್ಕ ಬುಟ್ಟಿ ತಬ್ಬಿಕೊಂಡು, "ಈ ಹುಡುಗಿ ಪಾಸಾಗುವ ಮೊದಲು ನಮ್ಮ ಕೈಕಾಲು ಮುರೀತದೆ" ಎಂದು ಬೈದರು. ಬೈದರೂ ಮರುದಿನದಿಂದ ಬಂದು "ಇವತ್ತು ಯಾವ ಪಾಠ?" ಎಂದು ಕೇಳಿ, ಬ್ರೇಕಿನ ಪಾಠ ಅಲ್ಲವೆಂದು ಖಾತ್ರಿ ಮಾಡಿಕೊಂಡೇ ಕೂರುತ್ತಿದ್ದರು.

ಮೈನಸ್ ಮಾತ್ರ ನನಗೆ ತಲೆಗೆ ಹತ್ತಲೇ ಇಲ್ಲ. ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು, ನನಗೂ ಕ್ಯಾಲ್ಕುಲೇಟರಿಗೂ ಒಂದೇ ಸ್ಥಿತಿ. ಒಂದು ದಿನ ಸಿದ್ಧಕಟ್ಟೆಯಲ್ಲಿ ಟೈಮಿಂಗಿಗೆಂದು ಬಸ್ಸು ಹತ್ತು ನಿಮಿಷ ನಿಂತಿತ್ತು. "ಪ್ರಯೋಗ ಮಾಡಿಯೇ ನೋಡುವ" ಎಂದು ಕಂಡಕ್ಟರಣ್ಣ ಮರದ ಬುಡದಿಂದ ಒಂದು ಕಾಟು, ಅಂದರೆ ಕಾಡು ಮಾವಿನಕಾಯಿ ಹೆಕ್ಕಿದರು. ನನ್ನ ಕೈಗೆ ಮೊಬೈಲ್ ಕೊಟ್ಟು ಸಮಯ ನೋಡು ಎಂದರು. ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅಣ್ಣ ಜೋರಾಗಿ ವಿಸಿಲ್ ಊದಿ ಕಾಯನ್ನು ಮೇಲೆ ಎಸೆದರು.

ನಾವೆಲ್ಲ ಕಾದೆವು. ಕಾಯಿ ಬರಲಿಲ್ಲ.

"ಎಲ್ಲಿ? ಬರಲೇ ಇಲ್ಲವಲ್ಲ!" ಎಂದರು ಮೀನಿನಕ್ಕ.

ಕಂಡಕ್ಟರಣ್ಣ ಆಕಾಶ ನೋಡಿದರು. ನಾನು ಕ್ಯಾಲ್ಕುಲೇಟರ್ ನೋಡಿದೆ. ಅದರ ಗೆರೆ ಮೇಲೆ ಹೋಗುತ್ತಲೇ ಇತ್ತು. "ನಾನು ಆವತ್ತು ಬರೆದದ್ದು ಸರಿಯೇ ಇತ್ತು, ಸೊನ್ನೆ ಕೊಟ್ಟವರನ್ನು ಈಗ ಕರೀರಿ!" ಎಂದು ಅವರು ಕೂಗಿದರು. ಬಸ್ಸಿನಲ್ಲಿ ಅರ್ಧ ಜನ ಚಪ್ಪಾಳೆ ಹೊಡೆದರು. ಕಾಯಿ ಬಸ್ಸಿನ ಮಾಡಿನ ಮೇಲೆ ಹೋಗಿ ಕೂತದ್ದು ನಮಗೆ ತಿಳಿದದ್ದು ಮುಂದಿನ ಇಳಿಜಾರಿನಲ್ಲಿ. ಡ್ರೈವರು ಬ್ರೇಕ್ ಒತ್ತಿದಾಗ ಅದು ಉರುಳಿ ಬಂದು ಎದುರಿನ ಗಾಜಿಗೆ ಠಪ್ ಎಂದು ಬಡಿಯಿತು. ಪಾಪ, ಡ್ರೈವರು ಹೆದರಿ ಎಲ್ಲ ದೇವರನ್ನೂ ಒಟ್ಟಿಗೆ ಕರೆದರು. ನಾನು ಮೊಬೈಲ್ ನೋಡಿದೆ. ಹದಿನಾಲ್ಕು ನಿಮಿಷ ಆಗಿತ್ತು.

"ಬರೆದುಕೋ. ಪುಸ್ತಕದಲ್ಲಿ ಇರುವುದಕ್ಕಿಂತ ಸ್ವಲ್ಪ ತಡ" ಎಂದರು ಕಂಡಕ್ಟರಣ್ಣ.

ಮೈನಸ್ ನನಗೆ ಅರ್ಥವಾದದ್ದು ಅದೇ ದಿನ ಮೂಡುಬಿದಿರೆಯಲ್ಲಿ. ಬಸ್ಸು ಸ್ಟ್ಯಾಂಡಿಗೆ ಬಂದು ಎಲ್ಲರೂ ಇಳಿದ ಮೇಲೆ ಅವರು ಯಾವಾಗಲೂ ಮೊದಲು ಮಾಡುವ ಕೆಲಸ ಎದುರಿನ ಬೋರ್ಡು ತಿರುಗಿಸುವುದು. ತಗಡಿನ ಬೋರ್ಡು, ಒಂದು ಮೈಯಲ್ಲಿ ಮೂಡುಬಿದಿರೆ, ಇನ್ನೊಂದು ಮೈಯಲ್ಲಿ ಬಿ.ಸಿ.ರೋಡ್. ಆವತ್ತು ಅದನ್ನು ಅರ್ಧ ತಿರುಗಿಸಿ ಹಾಗೆಯೇ ನಿಂತರು.

"ಇಲ್ಲಿ ಬಾ. ಇದು ಅದೇ ಬಸ್ಸು ಅಲ್ಲವಾ?"

"ಹೌದು."

"ಅದೇ ರೋಡು, ಅದೇ ಸ್ಪೀಡು. ಆದರೆ ಈಗ ನಾನು ಇದನ್ನು ತಿರುಗಿಸದೆ ಹೊರಟರೆ ಎಂತ ಆಗ್ತದೆ?"

"ದಾರಿಯಲ್ಲಿ ನಿಂತವರು ಇದು ಮೂಡುಬಿದಿರೆಗೆ ಹೋಗುವ ಬಸ್ಸು ಅಂತ ಹತ್ತುತ್ತಾರೆ."

"ಹತ್ತಿ ಬಿ.ಸಿ.ರೋಡಿನಲ್ಲಿ ಇಳಿದು ನನಗೆ ಬೈತಾರೆ. ಮೈನಸ್ ಅಂದರೆ ಇಷ್ಟೇ ಮಾರಾಯ್ತಿ. ಯಾವ ಕಡೆಗೆ ಹೋಗುವುದು ಪ್ಲಸ್ ಅಂತ ಹೊರಡುವಾಗಲೇ ನೀನು ಹೇಳು. ಅದಕ್ಕೆ ಎದುರು ಯಾವುದು ಬಂದರೂ ಬೋರ್ಡು ತಿರುಗಿಸು. ಕಲ್ಲು ಮೇಲೆ ಹೋಗ್ತದೆ, ಭೂಮಿ ಕೆಳಗೆ ಎಳೀತದೆ. ಭೂಮಿಯ ಬೋರ್ಡು ತಿರುಗಿಸು."

ನಾನು ಸ್ಟ್ಯಾಂಡಿನಲ್ಲೇ ಕೂತು ಚೆಂಡಿನ ಲೆಕ್ಕ ಮಾಡಿದೆ. ಚೆಂಡು ಮೊದಲ ಸಲ ಕೆಳಗೆ ಬಂತು. ಸಂತೋಷಕ್ಕೆ ನಾನು ಕಿರುಚಿದ್ದು ಕೇಳಿ ಪಕ್ಕದ ಹೋಟೆಲಿನವರು ಹೊರಗೆ ಬಂದು ನೋಡಿದರು.

ಒಂದು ಸಂಗತಿಯನ್ನು ಮಾತ್ರ ನಾನು ಆಗಲೇ ಗಮನಿಸಿದ್ದೆ. ಬೇರೆ ಎಲ್ಲ ಲೆಕ್ಕವನ್ನು ಅವರು ರೋಲಿನ ಮೇಲೆ ತಾವೇ ಬರೆದು ತೋರಿಸುತ್ತಿದ್ದರು. ಆ ಇಪ್ಪತ್ತು ಮೀಟರಿನ ಕಲ್ಲಿನ ಲೆಕ್ಕ ಬಂದರೆ ಪೆನ್ನು ನನ್ನ ಕೈಗೆ ಕೊಟ್ಟು, "ನೀನು ಮಾಡು, ಹಿಂದಿನ ಬಾಗಿಲಲ್ಲಿ ಜನ ಉಂಟು" ಎಂದು ಹೋಗಿಬಿಡುತ್ತಿದ್ದರು. ಹಿಂದಿನ ಬಾಗಿಲಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ, ನೀವು ಪುನಃ ಪರೀಕ್ಷೆ ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

"ಫೇಲಾದ ಬೇಸರಕ್ಕೆ ರಜೆಯಲ್ಲಿ ಎರಡು ತಿಂಗಳು ಕೆಲಸಕ್ಕೆ ಹೋಗುವ ಅಂತ ಬಸ್ಸು ಹತ್ತಿದ್ದು" ಎಂದರು. "ಮತ್ತೆ ಇಳೀಲಿಕ್ಕೆ ಆಗಲಿಲ್ಲ."

ನಗುತ್ತಲೇ ಹೇಳಿದರು.

ಪರೀಕ್ಷೆಯ ದಿನ ಬಸ್ಸಿನವರಿಗೆಲ್ಲ ಪರೀಕ್ಷೆ. ಡ್ರೈವರು ಒಂದೇ ಒಂದು ಬ್ರೇಕ್ ಜೋರಾಗಿ ಹಾಕಲಿಲ್ಲ. ಮೀನಿನಕ್ಕ ಇಳಿಯುವಾಗ ತಲೆ ಮುಟ್ಟಿ ಹೋದರು, ಹಾಗಾಗಿ ಬಂಗುಡೆಯ ಪರಿಮಳದಲ್ಲೇ ನಾನು ಫಿಸಿಕ್ಸ್ ಬರೆದೆ. ಪ್ರಶ್ನೆಪತ್ರಿಕೆಯಲ್ಲಿ ಗೋಪುರದ ಮೇಲಿನಿಂದ ಚೆಂಡು ಎಸೆಯುವ ಲೆಕ್ಕ ಇತ್ತು. ಹತ್ತಿದ್ದು ಎಲ್ಲಿ, ಇಳಿಯುವುದು ಎಲ್ಲಿ ಎಂದು ಬರೆದುಕೊಂಡೆ. ಬೋರ್ಡು ತಿರುಗಿಸಿದೆ. ನಲವತ್ತೊಂದು ಮಾರ್ಕು ಬಂತು. ಮಾಮ ದಮ್ಮಾಮಿನಿಂದ ಫೋನು ಮಾಡಿ, "ನಾನು ಹೇಳಿದ್ದೆನಲ್ಲ, ಎಲ್ಲ ಆ ಕ್ಯಾಲ್ಕುಲೇಟರಿನಿಂದ!" ಎಂದರು. ಕನ್ಯಾನದಲ್ಲಿದ್ದ ತಮ್ಮ ಮಗನಿಗೂ ಅದೇ ನಮೂನೆಯ ಒಂದನ್ನು ಕಳುಹಿಸಿದರು. ಅವನಿಗೆ ಉಮ್ಮ ಕೊಟ್ಟ ಬುದ್ಧಿಮಾತು, ಜಾಸ್ತಿ ಎಣ್ಣೆ ಹಾಕಬಾರದು ಎಂದು.

ಈಗ ನಾನು ಬಿ.ಸಿ.ರೋಡಿನಲ್ಲೇ ಲ್ಯಾಬ್ ಟೆಕ್ನಿಶಿಯನ್. ಮಾತಾಡುತ್ತ ಮಾತಾಡುತ್ತ ರಕ್ತ ತೆಗೆಯುತ್ತೇನೆ, ಜನರಿಗೆ ಗೊತ್ತೇ ಆಗುವುದಿಲ್ಲ. ಫಿಸಿಕ್ಸ್‌ನ ಸುದ್ದಿಗೆ ನಾನು ಮತ್ತೆ ಹೋಗಿಲ್ಲ, ಅದೂ ನನ್ನ ಸುದ್ದಿಗೆ ಬಂದಿಲ್ಲ.

ಕಳೆದ ಶನಿವಾರ ಸಂಜೆ ಅವರ ಕೊನೆಯ ಟ್ರಿಪ್ಪು ಎಂದು ಗೊತ್ತಾಗಿ, ಕೆಲಸ ಮುಗಿಸಿ ಅದೇ ಬಸ್ಸು ಹತ್ತಿದೆ. ಚೀಲದಲ್ಲಿ ಆ ಹಳೆಯ ಕ್ಯಾಲ್ಕುಲೇಟರ್, ಲ್ಯಾಬಿನಿಂದ ತಂದ ಕೆಂಪು ಪೆನ್ನು.

"ಎಲ್ಲಿಗೆ?" ಎಂದರು.

"ಮೂಡುಬಿದಿರೆಗೆ. ಪರೀಕ್ಷೆ ಉಂಟು."

"ನಿನಗೆ ಈಗ ಎಂತ ಪರೀಕ್ಷೆ?"

"ನನಗಲ್ಲ ಅಣ್ಣ, ನಿಮಗೆ." ಕ್ಯಾಲ್ಕುಲೇಟರ್ ಅವರ ಮುಂದೆ ಹಿಡಿದೆ. ಗೆರೆ ಈಗಲೂ ಸೀದಾ ಮೇಲೆ. "ಇಪ್ಪತ್ತು ಮೀಟರಿನ ಕಲ್ಲು ಇನ್ನೂ ಮೇಲೆಯೇ ಉಂಟು. ನೀವೇ ಇಳಿಸಬೇಕು."

ಅವರು ಹಿಂದಿನ ಬಾಗಿಲಿನ ಕಡೆ ನೋಡಿದರು. "ಅಲ್ಲಿ ಜನ..."

"ಅಲ್ಲಿ ಯಾರೂ ಇಲ್ಲ. ಕೂತುಕೊಳ್ಳಿ."

ಮೂವತ್ತು ವರ್ಷ ಎಲ್ಲರಿಗೂ ಸೀಟು ತೋರಿಸಿದ ಮನುಷ್ಯ ನನ್ನ ಪಕ್ಕದಲ್ಲಿ ಅಂಜುತ್ತ ಕೂತರು. ಟಿಕೆಟ್ ಮಿಷನಿನಿಂದ ಒಂದು ಮೊಳ ಖಾಲಿ ಕಾಗದ ಬಿಟ್ಟರು. ಬರೆದ ಮೊದಲ ಅಕ್ಷರವೇ ಸೊಟ್ಟಗಾಯಿತು. ಅದನ್ನು ಅವರು ಬಸ್ಸಿನ ತಲೆಗೆ ಕಟ್ಟಿದರು: "ಈ ಡ್ರೈವರಿಗೆ ಸರಿಯಾಗಿ ಬಿಡ್ಲಿಕ್ಕೆ ಬರುವುದಿಲ್ಲ." ಸಿದ್ಧಕಟ್ಟೆ ದಾಟಿತು. ಅವರು ಹತ್ತಿದ್ದು ಎಲ್ಲಿ ಎಂದು ಬರೆದರು, ಇಳಿಯುವುದು ಎಲ್ಲಿ ಎಂದು ಬರೆದರು. ಕೊನೆಗೆ ಕಾಗದದ ಇಡೀ ಅಗಲಕ್ಕೆ ಒಂದು ಮೈನಸ್ ಎಳೆದರು. ಅಷ್ಟು ದೊಡ್ಡ ಮೈನಸನ್ನು ನಾನು ಎಲ್ಲೂ ನೋಡಿಲ್ಲ. ಉತ್ತರ: ನಾಲ್ಕು ಸೆಕೆಂಡು.

ನಾನು ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿ ಮೂರು ಮಾರ್ಕು ಕೊಟ್ಟೆ. ಅದರ ಕೆಳಗೆ ಮೂವತ್ತೆರಡು ಕೂಡಿಸು ಮೂರು, ಮೂವತ್ತೈದು, ಪಾಸ್ ಎಂದು ಬರೆದೆ.

ಅವರು ಅದನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು. "ಇದು ಗ್ರೇಸ್ ಮಾರ್ಕ್ ಅಲ್ಲವಲ್ಲ?"

"ಅಲ್ಲ ಅಣ್ಣ. ಸರಿ ಉತ್ತರಕ್ಕೆ ಕೊಟ್ಟದ್ದು."

ಅವರು ಕಾಗದ ಮಡಿಚಿ ಅಂಗಿಯ ಕಿಸೆಗೆ ಹಾಕಿದರು. ಡ್ರೈವರಿಗೆ ಕೇಳಬೇಕೆಂದೇ ಜೋರಾಗಿ, "ಪಿಯುಸಿ ಫಿಸಿಕ್ಸ್ ಪಾಸ್!" ಎಂದರು. ಡ್ರೈವರು ಕಾರಣ ಕೇಳದೆ ಮೂಡುಬಿದಿರೆಯವರೆಗೂ ಹಾರ್ನು ಹೊಡೆದರು. ನನಗೆ ಅಳು ಬಂತು, ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಅವರು ಎದ್ದು, ಮೊಣಕಾಲು ಹಿಡಿದುಕೊಂಡು ಹೋಗಿ ಬೋರ್ಡು ತಿರುಗಿಸಿದರು. ವಿಸಿಲನ್ನು ಸೀಟಿನ ಮೇಲಿಟ್ಟರು. ಬಾಗಿಲಲ್ಲಿ ನಿಂತು ಖಾಲಿ ಬಸ್ಸನ್ನು ಒಮ್ಮೆ ನೋಡಿ, ಮೂವತ್ತು ವರ್ಷ ಪ್ರತಿ ಸ್ಟಾಪಿನಲ್ಲಿ ಕೂಗಿದ್ದನ್ನು ಅದೇ ರಾಗದಲ್ಲಿ ಕೂಗಿದರು: "ಜಪ್ಪರೆ ಉಂಡಾ?" ತುಳುವಿನಲ್ಲಿ, ಇಳಿಯುವವರು ಇದ್ದೀರಾ ಎಂದು.

"ಉಂಡು", ಇದ್ದೇನೆ ಎಂದು ತಾವೇ ಉತ್ತರ ಕೊಟ್ಟು, ಮೆಟ್ಟಿಲಿಳಿದು ಮನೆಗೆ ಹೋದರು.